ಖಾಲಿ ಪೆಟ್ಟಿಗೆಗಳ ಕ್ಷೇಮ ಸಮಾಚಾರ

ಮಾನ್ಯ ಸೇತುವೆ ಇಂಜಿನಿಯರ್ ಸಾಹೇಬರಿಗೆ,

ನಿಮ್ಮ ಮನೆಯಿಂದ ಆ ಎರಡು ಹಳೆಯ ಸ್ಪೀಕರುಗಳನ್ನು, ಜೊತೆಗೆ ಆಂಪ್ಲಿಫೈಯರು, ರೆಕಾರ್ಡು ಪ್ಲೇಯರುಗಳನ್ನು ಹೇರಿಕೊಂಡು ಬಂದ ಡ್ರೈವಿಂಗ್ ಸ್ಕೂಲಿನ ಟೀಚರಮ್ಮ ಮಾಡುವ ನಮಸ್ಕಾರ. ನಾನು, ನಮ್ಮವರು, ನಮ್ಮ ಅತ್ತೆ ಮೂವರೂ ಕ್ಷೇಮ. ಎಡಗಡೆಯ ಪೆಟ್ಟಿಗೆ ಕ್ಷೇಮ. ಬಲಗಡೆಯದೂ ಕ್ಷೇಮ. ಮಗಳ ಮನೆಯಲ್ಲಿ ನೀವೂ ನಿಮ್ಮ ಅವಳಿ ಮೊಮ್ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಅವತ್ತು ನೀವು ಗೇಟಿನ ತನಕ ಬಂದು, "ಅವು ಹೇಗಿವೆ ಅಂತ ತಿಳಿಸಿ. ಆದ್ರೆ ದಯವಿಟ್ಟು ಫೋನ್ ಮಾಡಬೇಡಿ. ಫೋನಲ್ಲಿ ಮನುಷ್ಯರ ದನಿ ತಗಡಿನ ಡಬ್ಬದೊಳಗೆ ಜಿರಲೆ ಓಡಾಡಿದ ಹಾಗೆ ಕೇಳುತ್ತೆ, ನನಗೆ ತಡೆಯೋಕಾಗಲ್ಲ. ಕಾಗದ ಬರೀರಿ" ಎಂದಿದ್ದಿರಿ. ನಾನೂ ಹೂಂಗುಟ್ಟಿ ಬಂದಿದ್ದೆ. ಬರೆಯಬಾರದೆಂದೇನೂ ಇರಲಿಲ್ಲ. ಆದರೆ ಪೆನ್ನು ಹಿಡಿದಾಗಲೆಲ್ಲ, ನಮ್ಮ ಮನೆಯಲ್ಲಿ ನಿಮ್ಮ ಬಗ್ಗೆ ಆಗ ನಡೆಯುತ್ತಿದ್ದ ಮಾತುಗಳನ್ನು ಕಾಗದಕ್ಕಿಳಿಸುವ ಧೈರ್ಯ ಬರುತ್ತಿರಲಿಲ್ಲ. ಈಗ ಎಲ್ಲ ತಿಳಿಯಾಗಿದೆ. ಆದ್ದರಿಂದ ಒಂದನ್ನೂ ಬಿಡದೆ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು. ಕೂಸುಗಳು ಮಲಗಿದ ಹೊತ್ತು ನೋಡಿ ಓದಿಕೊಳ್ಳಿ.

ನಾನು ನಿಮ್ಮ ಮನೆಗೆ ಬಂದಿದ್ದು ಸಾಮಾನು ಕೊಳ್ಳಲು. ನೀವು ನಡೆಸಿದ್ದು ಮಾತ್ರ ಹುಡುಗಿ ಕೊಡುವ ಮೊದಲು ಗಂಡಿನ ಕಡೆಯವರನ್ನು ವಿಚಾರಿಸುವ ಕೆಲಸ. ಬಾಗಿಲು ತೆಗೆದವರೇ ನನ್ನ ಕೈಯಲ್ಲಿ ಬೀಗದ ಕೈ ಇದೆಯೇ ಎಂದು ನೋಡಿದಿರಿ. ಹಿಂದೆ ಬಂದವನೊಬ್ಬ ಬೀಗದ ಕೈಯಿಂದ ಪೆಟ್ಟಿಗೆಯ ನೆತ್ತಿಗೆ ಕುಟ್ಟಿ, "ಒಳ್ಳೇ ಮರ" ಅಂದನಂತೆ. ಅವನನ್ನು ಅಲ್ಲಿಂದಲೇ ಕಳಿಸಿದಿರಂತೆ. ಇನ್ನೊಬ್ಬಳು ಇದು ಸೋಫಾದ ಬಣ್ಣಕ್ಕೆ ಹೊಂದುತ್ತದೆಯೇ ಎಂದು ಕೇಳಿದಳಂತೆ. ಅವಳಿಗೆ ನೀರು ಕೊಟ್ಟು ಕಳಿಸಿದಿರಂತೆ. ಆಮೇಲೆ ನನ್ನ ಸರದಿ. "ಮನೇಲಿ ಬೆಕ್ಕು ಇದೆಯಾ?" ಇಲ್ಲ ಅಂದೆ. "ಪೆಟ್ಟಿಗೆ ಮೇಲೆ ಹೂಕುಂಡ ಇಡೋ ಅಭ್ಯಾಸ?" ಇಲ್ಲ. "ಚಿಕ್ಕ ಮಕ್ಕಳು?" ಅವರೂ ಇಲ್ಲ, ಅತ್ತೆ ಇದ್ದಾರೆ ಅಂದೆ. ನೀವು ಕನ್ನಡಕದ ಮೇಲಿಂದ ನೋಡಿ, "ಅತ್ತೆ ಪರವಾಗಿಲ್ಲ, ಬೆಕ್ಕು ಆಗಲ್ಲ" ಅಂದಿರಿ. ಅತ್ತೆಯ ವಿಷಯದಲ್ಲಿ ಇಷ್ಟು ಉದಾರವಾಗಿ ಮಾತಾಡಿದವರನ್ನು ನಾನು ಅದೇ ಮೊದಲು ನೋಡಿದ್ದು.

ಯಾಕೆ ಮಾರುತ್ತಿದ್ದೀರಿ ಎಂದು ಕೇಳಿದ್ದಕ್ಕೆ, ಮಗಳ ಮನೆಯಲ್ಲಿ ಜಾಗವಿಲ್ಲ ಎಂದಿರಿ. "ಅಲ್ಲಿ ಆಗಲೇ ಒಂದು ಜೋಡಿ ಇವೆ. ಒಂದು ಎಡಕ್ಕೆ ಮಲಗುತ್ತೆ, ಒಂದು ಬಲಕ್ಕೆ. ಸೌಂಡೂ ಜೋರು. ಇಳಿಸೋ ಗುಂಡಿ ಮಾತ್ರ ಎಲ್ಲೂ ಸಿಗಲ್ಲ." ನಗುತ್ತಲೇ ಹೇಳಿದಿರಿ. ಹೇಳುತ್ತ ನಿಮ್ಮ ಕೈ ಪೆಟ್ಟಿಗೆಯ ಅಂಚಿನ ಧೂಳನ್ನು ಒರೆಸುತ್ತಿತ್ತು. ಅಲ್ಲಿ ಧೂಳಿರಲಿಲ್ಲ ಸಾಹೇಬರೇ, ನಾನು ನೋಡಿದ್ದೆ.

ಆಮೇಲೆ ನನ್ನನ್ನು ನಿಮ್ಮ ಕುರ್ಚಿಯಲ್ಲಿ ಕೂರಿಸಿ ರೆಕಾರ್ಡು ಹಾಕಿದಿರಿ. ನನ್ನ ಕೆಲಸ ನಿಮಗೆ ಗೊತ್ತು. ದಿನವಿಡೀ ಎಡಗಡೆ ಬಲಗಡೆ ಗೊತ್ತಿಲ್ಲದವರ ಪಕ್ಕ ಕೂತು, ಅವರ ಕೈಯಲ್ಲಿ ನನ್ನ ಪ್ರಾಣ ಕೊಟ್ಟು, "ಬ್ರೇಕ್, ಬ್ರೇಕ್, ಅದಲ್ಲ, ಪಕ್ಕದ್ದು" ಎಂದು ಕಿರುಚುವುದು. ಹಿಂದೆ ಲಾರಿಯ ಹಾರನ್ನು, ಮುಂದೆ ಬಸ್ಸಿನ ಹಾರನ್ನು. ಸಂಜೆಗೆ ನನ್ನ ಕಿವಿ ಪಾತ್ರೆ ಉಜ್ಜುವ ನಾರಿನ ಹಾಗಾಗಿರುತ್ತದೆ. ಅಂಥ ಕಿವಿಗೆ ನೀವು ಆ ಗಂಡಸಿನ ಹಾಡು ಕೇಳಿಸಿದಿರಿ. ಬಾವಿಯ ತಳದಿಂದ ಎದ್ದು ಬಂದಂಥ ದನಿ, ಅದರ ಹಿಂದೆ ನಿಧಾನವಾಗಿ ಹೆಜ್ಜೆ ಹಾಕುವ ದೊಡ್ಡ ಡ್ರಮ್ಮು. ಕಿವಿಗಿಂತ ಮೊದಲು ಬೆನ್ನಿಗೆ ಕೇಳಿಸಿತು. ಕುರ್ಚಿಯ ಕೈಗೆ ಕೇಳಿಸಿತು. ಹಾಡು ಮುಗಿದ ಮೇಲೆ ನೀವು ತಂತಿಗಳ ಬಗ್ಗೆ, ಕೆಂಪು ಕಪ್ಪಿನ ಬಗ್ಗೆ ಏನೇನೋ ಹೇಳಿದಿರಿ, ನಾನು ತಲೆಯಾಡಿಸಿದೆ. ಒಂದಕ್ಷರ ತಲೆಗೆ ಹೋಗಲಿಲ್ಲ. ಕೊನೆಗೆ, "ಹೊಂದಲಿಲ್ಲ ಅಂದ್ರೆ ನನಗೇ ವಾಪಸ್ ತಂದುಕೊಡಿ, ಕಂಡವರ ಕೈಗೆ ಹಾಕಬೇಡಿ" ಅಂದಿರಿ. ಅದು ಮಾತ್ರ ತಲೆಗೆ ಹೋಯಿತು.

ಇನ್ನು ನಮ್ಮ ಮನೆಯ ಕಥೆ. ನಮ್ಮವರು ಲೈಬ್ರರಿಯಲ್ಲಿದ್ದಾರೆ. ಮಾತಾಡಿದರೆ ಪುಸ್ತಕಗಳಿಗೆ ನಿದ್ದೆ ಕೆಡುತ್ತದೇನೋ ಎಂಬಂತೆ ಪಿಸುಗುಟ್ಟುವ ಮನುಷ್ಯ. ಮನೆಯಲ್ಲೂ ಅದೇ. ಬೆಂಕಿ ಬಿದ್ದರೂ ಹತ್ತಿರ ಬಂದು ಕಿವಿಯಲ್ಲಿ "ಬೆಂಕಿ" ಅಂದಾರು. ಅವರ ತಂದೆ, ಅಂದರೆ ನಾನು ನೋಡದ ನನ್ನ ಮಾವ, ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಒಂದು ಸಲ ಕೂಗಿದರೆ ಮೂರು ಬೀದಿಯಾಚೆ ಈರುಳ್ಳಿ ಬೆಲೆ ಗೊತ್ತಾಗುತ್ತಿತ್ತಂತೆ. ಅಂಥವರ ಹೊಟ್ಟೆಯಲ್ಲಿ ಇಂಥವರು ಹೇಗೆ ಹುಟ್ಟಿದರೋ ಎಂದು ನಾನು ಬೆರಗಾಗುತ್ತಿದ್ದೆ.

ನಮ್ಮ ಅತ್ತೆಗೆ ಕಿವಿ ಮಂದ. ಇದನ್ನು ಅವರ ಮುಂದೆ ಹೇಳುವಂತಿಲ್ಲ. "ನಾನೇನು ಕಿವುಡಿಯಲ್ಲ. ಇವನಿಗೆ ಬಾಯಿಲ್ಲ" ಎನ್ನುವುದು ಅವರ ವಾದ. ಅದರಲ್ಲಿ ಅರ್ಧ ನಿಜವೂ ಇತ್ತು. ಕಿವಿ ಡಾಕ್ಟರ ಮಾತೆತ್ತಿದರೆ ಅವತ್ತು ಅವರು ಊಟ ಮಾಡುತ್ತಿರಲಿಲ್ಲ. ಹೀಗಾಗಿ ತಾಯಿ ಮಗ ಒಂದೇ ಸೂರಿನಡಿ ಇದ್ದೂ ನೇರವಾಗಿ ಮಾತಾಡುವುದನ್ನೇ ಬಿಟ್ಟಿದ್ದರು. ಮಗ ನನ್ನ ಕಿವಿಯಲ್ಲಿ ಪಿಸುಗುಟ್ಟುವುದು, ನಾನು ಅದನ್ನು ಅತ್ತೆಗೆ ಕೂಗುವುದು, ಅತ್ತೆ ನನಗೆ ಕೂಗುವುದು, ನಾನು ಮತ್ತೆ ಮಗನಿಗೆ ಹೇಳುವುದು. ನೀವು ಆಂಪ್ಲಿಫೈಯರ್ ಮಾರುವ ಬಹಳ ಮೊದಲೇ ಆ ಮನೆಯಲ್ಲಿ ಒಂದು ಆಂಪ್ಲಿಫೈಯರ್ ಇತ್ತು. ಅದು ನಾನು.

ಪೆಟ್ಟಿಗೆಗಳು ಮನೆಗೆ ಬಂದಾಗ ನಮ್ಮವರು ಅವುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪಿಸುದನಿಯಲ್ಲಿ, "ಇವಕ್ಕೂ ಊಟ ಹಾಕಬೇಕಾ?" ಅಂದರು. ನಿಜ ಹೇಳಬೇಕೆಂದರೆ, ನಿಮ್ಮ ಹಜಾರದಲ್ಲಿ ಅಷ್ಟು ಸಾಧುವಾಗಿ ನಿಂತಿದ್ದವು ನಮ್ಮ ಹಜಾರದಲ್ಲಿ ಬಾಗಿಲು ಕಾಯುವ ಪೈಲ್ವಾನರ ಹಾಗೆ ಕಂಡವು. ಕಪಾಟನ್ನು ಮಲಗುವ ಕೋಣೆಗೆ ತಳ್ಳಿದೆವು. ಮಲಗುವ ಕೋಣೆಯ ಇಸ್ತ್ರಿ ಮೇಜು ಬಾಲ್ಕನಿಗೆ ಹೋಯಿತು. ಬಾಲ್ಕನಿಯ ಒಣಗುವ ಬಟ್ಟೆಗಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಹಳ ದಿನ ಕುರ್ಚಿಗಳ ಮೇಲೆ ಅಲೆದಾಡಿದವು.

ತಂತಿ ಜೋಡಿಸುವ ಸಂದರ್ಭ ಬಂತು. ಆಂಪ್ಲಿಫೈಯರ್ ಕಡೆಯ ತುದಿಗಳನ್ನು ನೀವೇ ಭದ್ರವಾಗಿ ಕೂರಿಸಿ ಕೊಟ್ಟಿದ್ದಿರಿ. ಸ್ಪೀಕರ್ ಕಡೆಯದಷ್ಟೇ ನಮ್ಮ ಪಾಲಿಗೆ ಉಳಿದಿತ್ತು. ಒಂದೊಂದು ಪೆಟ್ಟಿಗೆಯ ಬೆನ್ನಿಗೆ ಒಂದು ಕೆಂಪು ತಿರುಪು, ಒಂದು ಕಪ್ಪು ತಿರುಪು. ಬೂದು ಬಣ್ಣದ ಜೋಡಿ ತಂತಿಯಲ್ಲಿ ಒಂದು ಎಳೆಯ ಮೇಲೆ ಮಾತ್ರ ಸಣ್ಣ ಗೆರೆ. ಎಡಗಡೆಯದನ್ನು ನಾನು ಜೋಡಿಸಿದೆ, ಬಲಗಡೆಯದನ್ನು ನಮ್ಮವರು. ಟೈರು ಬದಲಿಸುವ ಕೈ ನನ್ನದು, ಎರಡು ತಂತಿ ಸಿಕ್ಕಿಸುವುದಕ್ಕೆ ಯಾರನ್ನು ಕೇಳಬೇಕು? ಅವರೋ, ಯಾವ ವಿಷಯಕ್ಕೂ ಒಂದು ಪುಸ್ತಕ ಓದಿರುವವರು, ಅವರು ಯಾರನ್ನು ಕೇಳಬೇಕು? ಹೀಗೆ ಒಬ್ಬರನ್ನೊಬ್ಬರು ಕೇಳದೆ, ಬೆನ್ನಿಗೆ ಬೆನ್ನು ಹಾಕಿ ಕೂತು, ಸಂಸಾರದ ಉಳಿದೆಲ್ಲ ಕೆಲಸಗಳ ಹಾಗೆ ಇದನ್ನೂ ಮಾಡಿ ಮುಗಿಸಿದೆವು.

ಅತ್ತೆಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದೆ. ನೀವು ಕೊಟ್ಟ ಅದೇ ರೆಕಾರ್ಡು ಹಾಕಿದೆ. ಹಾಡು ಬಂತು. ಬಂತು, ಆದರೆ ಹೇಗೆ ಬಂತು ಅನ್ನುತ್ತೀರಿ! ಬಾವಿಯ ತಳದ ಆ ಗಂಡಸು ಮಾಯ. ಅವನ ಜಾಗದಲ್ಲಿ ಅವನ ತಮ್ಮನೊಬ್ಬ, ನೆಗಡಿಯಾದವನು, ಗೋಡೆಯಾಚೆ ಎಲ್ಲೋ ಅಡ್ಡಾಡುತ್ತ ಹಾಡಿಕೊಳ್ಳುತ್ತಿದ್ದ. ಡ್ರಮ್ಮು ಹೋಗಿ, ಯಾರೋ ದಿಂಬು ಕೊಡವಿದ ಸದ್ದು. ನಾನು ಮುಖದ ಮೇಲೆ ನಗು ಅಂಟಿಸಿಕೊಂಡು, "ಹೇಗಿದೆ?" ಎಂದು ಕೂಗಿ ಕೇಳಿದೆ. ಅತ್ತೆ ಎದ್ದು ಹೋಗಿ, ಒಂದು ಪೆಟ್ಟಿಗೆಗೆ ಅಂಗೈ ಒತ್ತಿ, ಆಮೇಲೆ ಇನ್ನೊಂದಕ್ಕೆ ಒತ್ತಿ, ಬೆರಳ ಗೆಣ್ಣಿನಿಂದ ಟಕಟಕ ಬಡಿದು, ನ್ಯಾಯಾಧೀಶರ ಹಾಗೆ ತಿರುಗಿ ನಿಂತರು.

"ಒಳಗೆ ಏನೂ ಇಲ್ಲ ಕಣೇ. ಖಾಲಿ ಪೆಟ್ಟಿಗೆ ಕೊಟ್ಟು ಕಳಿಸಿದ್ದಾನೆ. ಕಳ್ಳ!"

ಕ್ಷಮಿಸಿ ಸಾಹೇಬರೇ, ಅವತ್ತಿನಿಂದ ನಮ್ಮ ಮನೆಯಲ್ಲಿ ನಿಮಗೆ ಅದೇ ಹೆಸರಾಯಿತು. "ಕಳ್ಳನ ಪೆಟ್ಟಿಗೆ ಒರೆಸಿದ್ಯಾ?" "ಕಳ್ಳನ ಪೆಟ್ಟಿಗೆ ಹಿಂದೆ ನನ್ನ ಚಪ್ಪಲಿ ಸೇರಿಕೊಂಡಿದೆ ನೋಡು." ನಮ್ಮವರು ಪಿಸುಗುಟ್ಟಿದರು: "ಅಮ್ಮನಿಗೆ ಕೇಳಿಸಲ್ಲ, ಅದಕ್ಕೆ ಹಾಗಂತಾಳೆ. ನೀನು ಮನಸ್ಸಿಗೆ ಹಚ್ಕೋಬೇಡ." ನಾನೂ ಹಾಗೇ ಅಂದುಕೊಂಡೆ. ಆದರೆ ಒಳಗೊಳಗೇ ಹುಳ ಕೊರೆಯುತ್ತಿತ್ತು. ನಿಮ್ಮ ಕುರ್ಚಿಯಲ್ಲಿ ನನ್ನ ಬೆನ್ನಿಗೆ ಕೇಳಿಸಿದ್ದು ಏನು? ಕನಸು ಕಂಡೆನೆ? ಹಸಿದಿದ್ದೆನೆ?

ಸುಮ್ಮನಿರಲಿಲ್ಲ. ಕಾರ್ಪೆಟ್ ಹಾಸಿದೆ, ತೆಗೆದೆ. ದಪ್ಪ ಪರದೆ ಹಾಕಿದೆ. ಸೋಫಾ ಹಿಂದಕ್ಕೆ ಸರಿಸಿದೆ, ಮುಂದಕ್ಕೆ ಸರಿಸಿದೆ. ಆ ಸದ್ದಿಗೆ ಕೆಳಗಿನ ಮನೆಯ ಹಲ್ಲಿನ ಡಾಕ್ಟರು ಮೇಲೆ ಬಂದು, "ಮನೆ ಖಾಲಿ ಮಾಡ್ತಿದ್ದೀರಾ?" ಎಂದು ಆಸೆಯಿಂದ ಕೇಳಿ, ಇಲ್ಲವೆಂದು ತಿಳಿದು ಬೇಸರದಿಂದ ಇಳಿದುಹೋದರು. ಅವರ ಕ್ಲಿನಿಕ್ಕು ನಮ್ಮ ಹಜಾರದ ಕೆಳಗೇ ಇದೆ. ನಮ್ಮವರು ಲೈಬ್ರರಿಯಿಂದ ಧ್ವನಿಶಾಸ್ತ್ರದ ದಪ್ಪ ಪುಸ್ತಕ ತಂದರು. ಅದನ್ನು ಪೆಟ್ಟಿಗೆಯ ಕೆಳಗಿಟ್ಟು ನೋಡಿದೆವು. ಓದುವುದಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತು, ಪೆಟ್ಟಿಗೆ ಅಲುಗಾಡುವುದು ನಿಂತಿತು. ಹಾಡು ಮಾತ್ರ ನೆಗಡಿಯಿಂದ ಎದ್ದಿರಲಿಲ್ಲ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ನಿಮ್ಮ ಮಾತಿನಂತೆ ನಿಮಗೇ ವಾಪಸ್ ತಂದುಕೊಡುವುದೆಂದು ತೀರ್ಮಾನಿಸಿದೆ. ವ್ಯಾನಿನವನನ್ನು ಕರೆಸಿದೆ. ತಂತಿಗಳನ್ನು ಬಿಚ್ಚಿದೆ. ಮಗುವನ್ನು ಶಾಲೆಯಿಂದ ಬಿಡಿಸಿ ತರುವಂಥ ಅವಮಾನ. ನಾನು ಕೆಳಗಿಳಿದು, ಪೆಟ್ಟಿಗೆಗಳನ್ನು ಮಲಗಿಸಬಾರದು, ನಿಲ್ಲಿಸಿಯೇ ಒಯ್ಯಬೇಕೆಂದು ವ್ಯಾನಿನವನ ಜೊತೆ ವಾದಿಸುತ್ತಿದ್ದೆ. ಆಗ ನಮ್ಮವರಿಗೆ ಏನನ್ನಿಸಿತೋ. ನನ್ನ ಮುಖ ನೋಡಲಾಗದೆ, ಹೊರಡುವ ಮೊದಲು ಒಂದು ಕೊನೆಯ ಹಾಡು ಕೇಳಿಸಿಬಿಡೋಣವೆಂದು ಎರಡೂ ಪೆಟ್ಟಿಗೆಗೆ ತಾವೇ ತಂತಿ ಜೋಡಿಸಿದ್ದಾರೆ.

ನಾನು ವ್ಯಾನಿನವನನ್ನು ಹಿಂದಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಕಂಬಿ ಹಿಡಿದಿದ್ದ ಕೈಗೆ ಏನೋ ತಾಗಿತು. ಡುಂ. ಮತ್ತೆ ಡುಂ. ಆಮೇಲೆ ಬಾಗಿಲಾಚೆಯಿಂದ ಬಾವಿಯ ತಳದ ಆ ಗಂಡಸು, ನೆಗಡಿಯಿಲ್ಲದೆ, ಎದೆ ತುಂಬ ಉಸಿರೆಳೆದುಕೊಂಡು ಹಾಡಿದ. ಮೆಟ್ಟಿಲ ಮೇಲೇ ನನ್ನ ಮೈ ಜುಂ ಅಂದಿತು. ಓಡಿಕೊಂಡು ಒಳಗೆ ಹೋದರೆ, ನಮ್ಮವರು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ನಿಂತಿದ್ದಾರೆ. ಅಡುಗೆಮನೆಯಿಂದ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದರು.

"ಯಾರೋ ಬಂದಿದ್ದಾರೆ ನೋಡೇ. ಕೂರಿಸು. ಒಳ್ಳೇ ಗಂಟಲು!"

ಬಾಗಿಲ ಬೆಲ್ಲು ಕೇಳಿಸದ, ಕುಕ್ಕರಿನ ಸೀಟಿ ಕೇಳಿಸದ ನಮ್ಮ ಅತ್ತೆ!

ಆಮೇಲೆ ನಡೆದದ್ದು ವಿಚಾರಣೆ. ಗೆರೆಯಿರುವ ಎಳೆಗೆ ಗುರುತು ಹಾಕಿರುವುದೇ ಅದು ಮುಖ್ಯ ಎಂದು ತೋರಿಸಲು, ಆದ್ದರಿಂದ ಅದು ಕೆಂಪಿಗೆ ಎನ್ನುವುದು ನನ್ನ ಸಿದ್ಧಾಂತ. ಗೆರೆ ಕಪ್ಪಗಿದೆ, ಆದ್ದರಿಂದ ಅದು ಕಪ್ಪಿಗೆ ಎನ್ನುವುದು ಅವರ ಸಿದ್ಧಾಂತ. ಮೊದಲ ದಿನ ನನ್ನ ಪೆಟ್ಟಿಗೆ ನನ್ನ ಪ್ರಕಾರ, ಅವರದು ಅವರ ಪ್ರಕಾರ. ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಆ ಗಂಡಸಿನ ದನಿ ಸೊರಗಿಹೋಗಿತ್ತು. ನೀವು ಅವತ್ತು ಕೆಂಪು ಕಪ್ಪು ಎಂದು ಇದನ್ನೇ ಹೇಳಿದ್ದಿರೇನೋ. ನಮ್ಮವರು ಗೆದ್ದೆನೆಂದು ಪಿಸುದನಿಯಲ್ಲಿ ಬೀಗಿದರು. ನಾನು ಬಿಡಲಿಲ್ಲ. ಎರಡನ್ನೂ ಬಿಚ್ಚಿ ಎರಡಕ್ಕೂ ನನ್ನ ಸಿದ್ಧಾಂತ ಹಚ್ಚಿದೆ. ಆಗಲೂ ಅಷ್ಟೇ ಚೆನ್ನಾಗಿ ಹಾಡಿತು! ಅಂದರೆ ನಾನೂ ಸರಿ, ಅವರೂ ಸರಿ, ಇಬ್ಬರೂ ಸೇರಿದ್ದರಿಂದ ತಪ್ಪಾಗಿತ್ತು. ನಮ್ಮ ಮದುವೆಯನ್ನು ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ.

ಅತ್ತೆಯ ಮುಂದೆ ಮಾತ್ರ ತಲೆ ತಗ್ಗಿಸಬೇಕಾಯಿತು. ತೆಳು ದನಿಗಳು ಅವರ ಕಿವಿಯಿಂದ ಜಾರಿಹೋಗಿವೆ, ದಪ್ಪ ದನಿಗಳು ಉಳಿದಿವೆ. ಆದ್ದರಿಂದ ಹಾಡಿನಲ್ಲಿ ದಪ್ಪ ದನಿ ಇಲ್ಲವೆಂದು ಮನೆಯಲ್ಲಿ ಮೊದಲು ಗೊತ್ತಾಗಿದ್ದು ಅವರಿಗೇ. "ಅವತ್ತೇ ಹೇಳಲಿಲ್ವಾ ಖಾಲಿ ಅಂತ? ಈಗ ತುಂಬಿದೆ ನೋಡು" ಎಂದು ಪೆಟ್ಟಿಗೆಯ ಬೆನ್ನು ಸವರಿದರು. ನಿಮ್ಮ ಮೇಲಿನ ಆರೋಪವನ್ನೂ ಹಿಂತೆಗೆದುಕೊಂಡರು: "ಕಳ್ಳ ಅಲ್ಲ ಬಿಡು. ಆದ್ರೂ ಹುಷಾರು ಮನುಷ್ಯ." ವ್ಯಾನಿನವನನ್ನು ನಾವು ಮರೆತೇಬಿಟ್ಟಿದ್ದೆವು. ಅವನು ಹೊಸ್ತಿಲಲ್ಲೇ ಕೂತು ಕಣ್ಣು ಮುಚ್ಚಿದ್ದ. ರೆಕಾರ್ಡಿನ ಎರಡೂ ಬದಿ ಕೇಳಿಸಿದ ಮೇಲೇ ಎದ್ದದ್ದು.

ಆಮೇಲಿನ ದಿನಗಳನ್ನು ಏನು ಹೇಳಲಿ. ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಚ್ಚಿ, ಕಾಲು ತೊಳೆದು, ದೀಪ ಹಾಕದೆ ಕೂರುತ್ತಿದ್ದೆ. ಗೇರು ಕಿರುಗುಟ್ಟಿದ್ದು, ಹಾರನ್ನು, ಬೈಗುಳ ಎಲ್ಲ ಒಂದೊಂದಾಗಿ ಕಿವಿಯಿಂದ ಇಳಿದು ಹೋಗುತ್ತಿದ್ದವು. ಅತ್ತೆ ಬಲಗಡೆಯ ಪೆಟ್ಟಿಗೆಗೆ ಒರಗಿ ಕಾಳು ಆರಿಸುತ್ತಿದ್ದರು. ಡ್ರಮ್ಮಿಗೆ ಸರಿಯಾಗಿ ಕಲ್ಲು ಹೊರಗೆ ಬೀಳುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಈ ಕಾಗದ ಇಲ್ಲಿಗೆ ಮುಗಿಯುತ್ತಿತ್ತು. ನೀವು ತಂತಿಗಳ ಜೊತೆ ಕೊಟ್ಟ ಚೀಲದ ತಳದಲ್ಲಿ ಒಂದು ಹಳೆಯ ಮೈಕು ಇತ್ತಲ್ಲ, ಅದನ್ನು ಒಂದು ಮಧ್ಯಾಹ್ನ ನಮ್ಮವರು ಹುಡುಕಿ ತೆಗೆದರು. ಆಂಪ್ಲಿಫೈಯರಿನ ಮುಂದಿನ ತೂತಿಗೆ ಸಿಕ್ಕಿಸಿ, ಲೈಬ್ರರಿಯ ದನಿಯಲ್ಲಿ "ಹಲೋ" ಎಂದು ಪಿಸುಗುಟ್ಟಿದರು. ಏನೂ ಬರಲಿಲ್ಲ. ನಾನು ಗುಂಡಿ ತಿರುಗಿಸಿದೆ. ಮತ್ತೆ "ಹಲೋ." ಇಲ್ಲ. ಇನ್ನಷ್ಟು ತಿರುಗಿಸಿದೆ. ನೋಡಿದರೆ ಮೈಕಿನ ಹೊಟ್ಟೆಯಲ್ಲಿ ಇನ್ನೊಂದು ಸಣ್ಣ ಗುಂಡಿ ಇದೆ. ಅದನ್ನು ಅವರು ಒತ್ತಿ, ಕೆಟ್ಟುಹೋಗಿದೆ ಎಂದುಕೊಂಡೇ, ಪಿಸುಗುಟ್ಟದೆ, ಎಲ್ಲರ ಹಾಗೆ ಗಂಟಲು ಬಿಟ್ಟು ಕೇಳಿದರು:

"ಅಮ್ಮಾ, ಟೀ ಕುಡೀತೀಯಾ?"

ಸಾಹೇಬರೇ, ನೀವು ಸೇತುವೆ ಕಟ್ಟಿದವರು, ನಡುಕ ಅಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಕಿಟಕಿ ಗಾಜು ಝಲ್ಲೆಂದಿತು. ಬೀದಿಯ ಪಾರಿವಾಳಗಳೆಲ್ಲ ಎದ್ದವು. ಕೆಳಗಿನ ಕ್ಲಿನಿಕ್ಕಿನಿಂದ ಯಾರೋ, ಬಾಯಲ್ಲಿ ಹತ್ತಿ ಇಟ್ಟುಕೊಂಡವರ ದನಿಯಲ್ಲಿ, "ಛಕ್ಕರೆ ಬೇಡಾ" ಎಂದರು. ನಾನು ನಗಲು ಬಾಯಿ ತೆರೆದವಳು ಅತ್ತೆಯ ಮುಖ ನೋಡಿ ಹಾಗೇ ನಿಂತೆ. ಕೋಣೆಯಿಂದ ಬಂದು ಅವರು ಮಗನನ್ನು ನೋಡಲಿಲ್ಲ. ನೇರವಾಗಿ ಪೆಟ್ಟಿಗೆಯ ಮುಂದೆ ಹೋಗಿ ನಿಂತರು.

"ಇನ್ನೊಂದ್ಸಲ ಹೇಳು" ಅಂದರು.

ನಾನು ಗುಂಡಿ ಸ್ವಲ್ಪ ಇಳಿಸಿದೆ. ನಮ್ಮವರು ಮತ್ತೆ ಕೇಳಿದರು. ಅತ್ತೆ ತಲೆ ಓರೆ ಮಾಡಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ, ಅಂದರು: "ನಿಮ್ಮಪ್ಪನ ಗಂಟಲು ನಿನಗೆ ಯಾವಾಗ ಬಂತೋ?"

ಮೈಕು ಹಿಡಿದಿದ್ದ ಕೈ ಕೆಳಗಿಳಿಯಿತು. ಆಮೇಲೆ ನಮ್ಮವರೇ ಹೇಳಿದಾಗ ನನಗೆ ಗೊತ್ತಾಗಿದ್ದು: ಶಾಲೆಯಲ್ಲಿ ಹುಡುಗರು ಇವರನ್ನು ಕಂಡರೆ ಸಾಕು, ಇವರ ಅಪ್ಪನ ಹಾಗೆ ಕೂಗಿ ಅಣಕಿಸುತ್ತಿದ್ದರಂತೆ. ದನಿ ಒಡೆದು ಗಂಡಸಿನ ಗಂಟಲು ಬಂದಾಗ, ಅದು ಅಪ್ಪನದೇ ಎಂದು ಗೊತ್ತಾಗಿ ಅದನ್ನು ಮಡಿಚಿಟ್ಟುಬಿಟ್ಟರಂತೆ. ಆಮೇಲೆ ಲೈಬ್ರರಿ ಸಿಕ್ಕಿತು, ಅಲ್ಲಿ ಅದನ್ನು ಯಾರೂ ವಾಪಸ್ ಕೇಳಲಿಲ್ಲ. ಮಗನಿಗೆ ಅಂಥ ಗಂಟಲಿದೆಯೆಂದು ಹೆತ್ತ ತಾಯಿಗೇ ಗೊತ್ತಿರಲಿಲ್ಲ. ಅವತ್ತು ಟೀ ಆರಿಹೋಯಿತು. ತಾಯಿ ಪೆಟ್ಟಿಗೆಯ ಎದುರು ಕೂತು ಕೇಳುತ್ತಾ ಹೋದರು, ಮಗ ಮೈಕು ಹಿಡಿದು ಹೇಳುತ್ತಾ ಹೋದರು. ನಾನು ನಡುವೆ ಒಂದು ಮಾತೂ ಆಡಬೇಕಾಗಲಿಲ್ಲ. ಕೆಲಸ ಕಳೆದುಕೊಂಡ ಸಂತೋಷ ಅಂದರೆ ಏನೆಂದು ಅವತ್ತು ಗೊತ್ತಾಯಿತು.

ಸಂತೋಷ ಹೆಚ್ಚಾದರೆ ಏನಾಗುತ್ತದೆ ಎಂಬುದೂ ಬೇಗನೇ ಗೊತ್ತಾಯಿತು. ಮಗ ಬೆಳಿಗ್ಗೆ ತಾಯಿಗೆ ಮೈಕಿನಲ್ಲಿ ಪೇಪರು ಓದಿ ಹೇಳಲು ಶುರುಮಾಡಿದರು. ಎದುರು ಕಟ್ಟಡದವರು ಪೇಪರು ತರಿಸುವುದನ್ನು ನಿಲ್ಲಿಸಿದರು. ಹಲ್ಲಿನ ಡಾಕ್ಟರು ಮೇಲೆ ಬಂದು, "ನೋಡಿ, ನನ್ನ ಪೇಷೆಂಟುಗಳನ್ನ ಹೆದರಿಸೋಕೆ ನನ್ನ ಡ್ರಿಲ್ ಒಂದೇ ಸಾಕು" ಎಂದು ಕೈಮುಗಿದರು. ಆದರೆ ಅತ್ತೆ ಕೇಳಬೇಕಲ್ಲ. "ನನ್ನ ಮಗ ನನ್ನ ಹತ್ರ ಮಾತಾಡಿದ್ರೆ ಅವನಿಗೇನಂತೆ ಹಲ್ಲುನೋವು?" ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅದು ಪೂರ್ತಿ ಅತ್ತೆಯ ಕಾಲ.

ಆ ಕಾಲ ಮುಗಿದದ್ದು ಒಂದೇ ಪ್ರಶ್ನೆಯಿಂದ. ಅತ್ತೆ ಎರಡು ದಿನದಿಂದ ಹೊಟ್ಟೆ ಸರಿಯಿಲ್ಲವೆನ್ನುತ್ತಿದ್ದರು. ಕಾಳಜಿಯುಳ್ಳ ಮಗ, ಲೈಬ್ರರಿಗೆ ಹೊರಡುವ ಮುನ್ನ, ಪ್ಯಾಂಟಿನ ಬೆಲ್ಟು ಬಿಗಿಯುತ್ತ ಮೈಕಿನ ಗುಂಡಿ ಒತ್ತಿ, ಹರಾಜಿನ ಗಂಟಲಲ್ಲಿ ಕೇಳಿಬಿಟ್ಟರು:

"ಅಮ್ಮಾ, ಇವತ್ತಾದ್ರೂ ಹೊಟ್ಟೆ ಖಾಲಿ ಆಯ್ತಾ?"

ಅತ್ತೆ ಮುಗ್ಧವಾಗಿ, ಆಗಿಲ್ಲವೆಂದು ಕೂಗಿ, ಚೀಲ ಹಿಡಿದು ಅಂಗಡಿಗೆ ಹೋದರು. ಅಂಗಡಿಯಾಕೆ ಹೊಟ್ಟೆಗೆ ಒಳ್ಳೆಯದೆಂದು ಸಹಾನುಭೂತಿಯಿಂದ ಬಾಳೆಹಣ್ಣು ಮುಂದಿಟ್ಟಳಂತೆ. ಪಕ್ಕದವಳು ಬಿಸಿನೀರು ಕುಡಿಯಲು ಸೂಚಿಸಿದಳಂತೆ. ಟೈಲರು ಹೊಲಿಗೆ ನಿಲ್ಲಿಸಿ, ತನ್ನ ತಾಯಿಗೂ ಹೀಗೇ ಆಗಿತ್ತೆಂದನಂತೆ. ಇಷ್ಟೂ ಅವರಿಗೆ ಚೆನ್ನಾಗಿ ಕೇಳಿಸಿತು, ಯಾಕೆಂದರೆ ಎಲ್ಲರೂ ಜೋರಾಗಿಯೇ ಹೇಳಿದರು. ಮನೆಗೆ ಬಂದವರು ಚೀಲ ಒಗೆದು, ಸೀರೆ ಕೂಡ ಬದಲಿಸದೆ, ಬಾಗಿಲಲ್ಲೇ ನಿಂತು ಅಂದರು: "ಎಲ್ಲಿದ್ದಾನೆ ಆ ಕಿವಿ ಡಾಕ್ಟ್ರು? ನಡಿ, ಈಗಲೇ ಹೋಗೋಣ."

ವರ್ಷಗಟ್ಟಲೆ ಬೇಡಿಕೊಂಡರೂ ಆಗದ್ದು ಒಂದು ಮಲಬದ್ಧತೆಯಿಂದ ಆಯಿತು. ಡಾಕ್ಟರು ಎರಡು ಕಿವಿಗೂ ಹುರುಳಿಕಾಳಿನಷ್ಟು ಸಣ್ಣ ಮಷೀನು ಕೂರಿಸಿದರು. ಹೊರಗೆ ಬಂದ ಅತ್ತೆ ಬೀದಿಯಲ್ಲಿ ನಿಂತು, ತಮ್ಮ ಚಪ್ಪಲಿಯ ಸದ್ದನ್ನೇ ಬಗ್ಗಿ ಕೇಳಿದರು. ಮನೆಗೆ ಬಂದು ಫ್ರಿಜ್ಜನ್ನು ಬೈದರು, ಅದು ಗೊಣಗುತ್ತದೆಂದು. ಅಡುಗೆಮನೆಯಲ್ಲಿ ನಮ್ಮವರು ಹಳೆಯ ಅಭ್ಯಾಸದಂತೆ ನನ್ನ ಕಿವಿಯಲ್ಲಿ, "ಇನ್ನು ಅಮ್ಮನ ಹತ್ರ ಹುಷಾರಾಗಿರಬೇಕು" ಎಂದು ಪಿಸುಗುಟ್ಟಿದರು. ಹಜಾರದಿಂದ ಉತ್ತರ ಬಂತು: "ಇರಿ, ಇರಿ." ಅವತ್ತಿನಿಂದ ನಾವಿಬ್ಬರು ಗುಟ್ಟು ಮಾತಾಡಬೇಕಾದರೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಹೋಗಿ ಕೂರುತ್ತೇವೆ. ಮೈಕು ಈಗ ಚೀಲಕ್ಕೆ ಮರಳಿದೆ. ನಮ್ಮವರು ಮನೆಯಲ್ಲಿ ಸಾಧಾರಣ ಮನುಷ್ಯರ ಹಾಗೆ ಮಾತಾಡುತ್ತಾರೆ. ಒಮ್ಮೊಮ್ಮೆ ಬಚ್ಚಲಲ್ಲಿ ಹಾಡುವುದೂ ಉಂಟು. ಹಾಡು ಅವರಿಗೆ ಬರುವುದಿಲ್ಲ ಎಂಬುದು ನನಗೆ ಹೊಸದಾಗಿ ಗೊತ್ತಾದ ವಿಷಯ. ಹಲ್ಲಿನ ಡಾಕ್ಟರು ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಾರೆ.

ಹೋದ ವಾರ ನಾವು ಮೂವರೂ ಕೂತು ಪಿಟೀಲಿನ ಒಂದು ರೆಕಾರ್ಡು ಹಾಕಿದೆವು. ಅತ್ತೆಗೆ ಈ ತೆಳು ದನಿಗಳೆಲ್ಲ ಹೊಸ ಬಟ್ಟೆಯಷ್ಟು ಹೊಸದು. ಸದ್ದು ಜಾಸ್ತಿಯಾಯಿತೆಂದು ಮೊದಲು ಗುಂಡಿ ಇಳಿಸಲು ಹೇಳಿದರು. ಆಮೇಲೆ ಕಣ್ಣು ಮುಚ್ಚಿ ಕೂತರು. ಹೊರಗೆ ಕತ್ತಲಾಗುತ್ತಿತ್ತು, ಪರದೆ ಅಲುಗುತ್ತಿತ್ತು. ನಾನು ಅವರಿಗೆ ನಿದ್ದೆ ಹತ್ತಿತೇನೋ ಎಂದುಕೊಂಡೆ. ಅವರು ಕಣ್ಣು ಮುಚ್ಚಿಕೊಂಡೇ ಎಡಗಡೆಗೆ ಬೆರಳು ತೋರಿಸಿದರು. ಅಲ್ಲಿ ಗೋಡೆ, ಕಿಟಕಿ, ಖಾಲಿ ನೆಲ ಬಿಟ್ಟರೆ ಏನೂ ಇರಲಿಲ್ಲ.

"ಆ ಪಿಟೀಲಿನ ಹುಡುಗಿ ಅಲ್ಲಿ ಕೂತಿದ್ದಾಳೆ. ಆ ಕಿಟಕಿ ಮುಚ್ಚೇ, ಅವಳಿಗೆ ಗಾಳಿ ಬಡೀತಿದೆ."

ನಾನು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದೆ.

ಸಾಹೇಬರೇ, ಕಿವಿಯಿದ್ದವರ ಮನೆಗೇ ಪೆಟ್ಟಿಗೆ ಸೇರಿದೆ. ನಿಮ್ಮ ಅವಳಿಗಳನ್ನು ಮಗಳ ಕೈಗೊಪ್ಪಿಸಿ ಯಾವುದಾದರೂ ಸಂಜೆ ಬನ್ನಿ. ನಡುವಿನ ಕುರ್ಚಿ ಬಿಟ್ಟುಕೊಡಲು ಅತ್ತೆ ಒಪ್ಪಿದ್ದಾರೆ, ಅದು ನಮಗೂ ಸಿಗದ ಗೌರವ. ನೀವು ಬರುವ ದಿನ ಗೊತ್ತಾದರೆ ನಾನೇ ಕಾರು ತರುತ್ತೇನೆ. ಕಲಿಯುವವರು ಯಾರೂ ಜೊತೆಗಿರುವುದಿಲ್ಲ, ಹೆದರಬೇಡಿ. ಕೂಸುಗಳು ದಿನಕ್ಕೆ ಒಂದಿಷ್ಟು ಹೊತ್ತಾದರೂ ಒಂದೇ ಸಲಕ್ಕೆ ನಿದ್ದೆ ಮಾಡಲಿ, ನಿಮ್ಮ ಕಿವಿಗಳು ನೂರ್ಕಾಲ ಬಾಳಲಿ ಎಂದು ಹಾರೈಸುತ್ತ,

ನಿಮ್ಮ ಜೋಡಿಯನ್ನು ಮನೆ ತುಂಬಿಸಿಕೊಂಡ,
ಟೀಚರಮ್ಮ

ಮರೆತ ಮಾತು: ಕುರ್ಚಿ ಬಿಡುವುದು ಒಂದು ಬದಿಗೆ ಮಾತ್ರ, ರೆಕಾರ್ಡು ತಿರುಗಿಸಿದ ಮೇಲೆ ತಮಗೇ ಬೇಕು ಎಂದು ಅತ್ತೆ ಬರೆಸುತ್ತಿದ್ದಾರೆ.